ಕಡಿಮೆ ಡೋಸ್ ಟೆಸ್ಟೋಸ್ಟೆರಾನ್ ಜೆಲ್: ನನ್ನ ಅನುಭವ

ನಾನು ಟ್ರಾನ್ಸ್ ಪುರುಷ, ಅಂದರೆ ಹುಟ್ಟಿದಾಗ ಹೆಣ್ಣು ಅಂತ ಗುರುತಿಸಲಾಗಿದ್ದ ಗಂಡಸು. ಗಂಡು ಹಾರ್ಮೋನ್ ಆದ ಟೆಸ್ಟೋಸ್ಟೆರಾನ್ ಇಂಜೆಕ್ಷನ್ ಬೇಡ, ಜೆಲ್ ಕೊಡಿ ಅಂತ ಡಾಕ್ಟರನ್ನು ಕೇಳಿದ್ದು ನಾನೇ. ಇಂಜೆಕ್ಷನ್ ಆದ ಮೇಲೆ ರಕ್ತದಲ್ಲಿ ಹಾರ್ಮೋನ್ ಜೋರಾಗಿ ಏರುತ್ತದೆ, ಮುಂದಿನ ಡೋಸ್ ಹೊತ್ತಿಗೆ ಇಳಿದಿರುತ್ತದೆ. ಜೆಲ್‌ನಲ್ಲಿ ಆ ಏರಿಳಿತ ಕಡಿಮೆ. ಚರ್ಮದೊಳಗೆ ಸೇರಿಕೊಂಡು ದಿನವಿಡೀ ಸ್ವಲ್ಪ ಸ್ವಲ್ಪವಾಗಿ ರಕ್ತಕ್ಕೆ ಇಳಿಯುತ್ತದೆ. ನನಗೆ ಬೇಕಿದ್ದದ್ದೂ ಅದೇ, ಮೆಲ್ಲಗೆ ಶುರುವಾಗುವುದು.

ನಾನು ಹಚ್ಚುವುದು 1% ಜೆಲ್. ಅಂದರೆ 1 ಗ್ರಾಂನಲ್ಲಿ 10 ಮಿಲಿಗ್ರಾಂ ಟೆಸ್ಟೋಸ್ಟೆರಾನ್. ಹಚ್ಚಿದ್ದರಲ್ಲಿ ಸುಮಾರು 10% ಮಾತ್ರ ರಕ್ತ ಸೇರುತ್ತದೆ. 1.62% ಜೆಲ್ ಕೂಡ ಇದೆ. ಹಾಗಾಗಿ ಯಾರಾದರೂ ‘ನನ್ನದು ಎರಡು ಪಂಪ್’ (ಬಾಟಲಿಯ ಪಂಪನ್ನು ಎರಡು ಸಲ ಒತ್ತಿದಷ್ಟು ಜೆಲ್) ಅಂದರೆ ಅದನ್ನು ನಿಮ್ಮ ಡೋಸ್ ಜೊತೆ ಹೋಲಿಸಬೇಡಿ. ಶೇಕಡಾ ಎಷ್ಟು ಅಂತ ಗೊತ್ತಿಲ್ಲದೆ ಪಂಪ್ ಲೆಕ್ಕಕ್ಕೆ ಅರ್ಥವಿಲ್ಲ.

ಬೆಳಿಗ್ಗೆ ಸ್ನಾನ ಮಾಡಿ, ಮೈ ಪೂರ್ತಿ ಒರೆಸಿಕೊಂಡು, ಭುಜ ಮತ್ತು ತೋಳಿನ ಮೇಲ್ಭಾಗಕ್ಕೆ ತೆಳ್ಳಗೆ ಹಚ್ಚುತ್ತೇನೆ. ಗಾಯ ಇರುವ ಕಡೆ ಹಚ್ಚುವುದಿಲ್ಲ. ಇದರಲ್ಲಿ ಆಲ್ಕೋಹಾಲ್ ಇರುವುದರಿಂದ ಒಣಗುವ ತನಕ ಬೆಂಕಿಯಿಂದ ದೂರ. ಒಣಗಿದ ಮೇಲೆ ತೋಳು ಮುಚ್ಚುವ ಅಂಗಿ. 1% ಜೆಲ್ ಹಚ್ಚಿದರೆ ಆಮೇಲೆ 5 ಗಂಟೆ ಸ್ನಾನ, ಈಜು ಬೇಡ ಅನ್ನುತ್ತಾರೆ.

ಕೈ ತೊಳೆಯುವುದರ ಬಗ್ಗೆ ಮಾತ್ರ ನಾನು ತುಂಬಾ ಕಟ್ಟುನಿಟ್ಟು. ಚರ್ಮದ ಮೇಲೆ ಉಳಿದ ಜೆಲ್ ತಾಗಿದರೆ ಇನ್ನೊಬ್ಬರ ಮೈಗೂ ಸೇರುತ್ತದೆ. ಹಾಗೆ ತಾಗಿಸಿಕೊಂಡ ಪುಟ್ಟ ಮಕ್ಕಳಲ್ಲಿ ವಯಸ್ಸಿಗೆ ಮೊದಲೇ ಪ್ರೌಢತೆಯ ಲಕ್ಷಣ ಕಂಡಿದ್ದರಿಂದಲೇ ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2009ರಲ್ಲಿ ಈ ಜೆಲ್‌ಗಳ ಮೇಲೆ ಕಡ್ಡಾಯ ಎಚ್ಚರಿಕೆ ಹಾಕಿಸಿತು. ಗರ್ಭಿಣಿಯರಿಗೂ ಇದು ತಾಗಬಾರದು. ನಾನು ಹಚ್ಚಿದ ತಕ್ಷಣ ಸೋಪಿನಿಂದ ಕೈ ತೊಳೆಯುತ್ತೇನೆ. ಮಗುವನ್ನು ಎತ್ತಿಕೊಳ್ಳಬೇಕಾದರೆ ಹಚ್ಚಿದ ಜಾಗವನ್ನೂ ಮೊದಲು ತೊಳೆಯುತ್ತೇನೆ.

ಡೋಸ್ ಕಡಿಮೆ ಇದ್ದರೆ ಬದಲಾವಣೆಯೂ ಅರ್ಧಕ್ಕೆ ನಿಲ್ಲುತ್ತದೆ ಅಂತ ಹಲವರು ನಂಬಿದ್ದಾರೆ. ಹಾಗಲ್ಲ. ಸಾಮಾನ್ಯವಾಗಿ ನಿಧಾನವಾಗುವುದು ವೇಗ ಅಷ್ಟೇ. ದನಿ ಬೇಕು, ಗಡ್ಡ ಬೇಡ ಅಂತ ಆರಿಸಿಕೊಳ್ಳಲೂ ಆಗದು. ದನಿ ಒಮ್ಮೆ ಗಡುಸಾದರೆ, ಜೆಲ್ ಬಿಟ್ಟರೂ ಹಿಂದಿನಂತಾಗುವುದಿಲ್ಲ. ಶುರು ಮಾಡುವ ಮೊದಲೇ ಇದನ್ನು ಯೋಚಿಸಿಕೊಳ್ಳಬೇಕು, ಅಲ್ವಾ? ನನಗೆ ಮೊದಲು ಬಂದದ್ದು ಮೊಡವೆ, ಎಣ್ಣೆ ಚರ್ಮ. ದನಿ ಆಮೇಲೆ.

ಮುಟ್ಟು ನಿಲ್ಲಲು ಕಡಿಮೆ ಡೋಸಿನಲ್ಲಿ ಜಾಸ್ತಿ ಸಮಯ ಬೇಕಾಗಬಹುದು. ಮುಟ್ಟು ನಿಂತರೂ ಗರ್ಭಿಣಿಯಾಗುವ ಸಾಧ್ಯತೆ ಇರುತ್ತದೆ, ಟೆಸ್ಟೋಸ್ಟೆರಾನ್ ಗರ್ಭನಿರೋಧಕ ಅಲ್ಲ. ಅದು ಭ್ರೂಣಕ್ಕೆ ಹಾನಿ ಮಾಡುವುದರಿಂದ, ಆ ಸಾಧ್ಯತೆ ಇರುವವರು ಬೇರೆ ಉಪಾಯ ಬಳಸಲೇಬೇಕು.

ರಕ್ತಪರೀಕ್ಷೆಯಲ್ಲಿ ಟೆಸ್ಟೋಸ್ಟೆರಾನ್ ಮಟ್ಟದ ಜೊತೆ ಹಿಮ್ಯಾಟೊಕ್ರಿಟ್ (ರಕ್ತದಲ್ಲಿ ಕೆಂಪು ಕಣಗಳ ಪಾಲು) ನೋಡುತ್ತಾರೆ. ಈ ಹಾರ್ಮೋನ್ ಕೆಂಪು ರಕ್ತಕಣ ಹೆಚ್ಚಿಸಿ ರಕ್ತವನ್ನು ದಪ್ಪ ಮಾಡಬಲ್ಲದು. ಪರೀಕ್ಷೆಯ ದಿನ ರಕ್ತ ತೆಗೆಯುವ ತೋಳಿಗೆ ನಾನು ಜೆಲ್ ತಾಗಿಸುವುದಿಲ್ಲ. ಚರ್ಮದ ಮೇಲಿನ ಜೆಲ್ ಸ್ಯಾಂಪಲ್‌ಗೆ ಸೇರಿದರೆ ಮಟ್ಟ ಸುಳ್ಳೇ ಜಾಸ್ತಿ ತೋರಿಸುತ್ತದೆ. ಕಳೆದ ರಿಪೋರ್ಟ್ ನೋಡಿ ಡಾಕ್ಟರು ಡೋಸ್ ಏರಿಸೋಣವೇ ಅಂತ ಕೇಳಿದರು. ದನಿ ಇಳಿಯುತ್ತಿರುವ ವೇಗ ನನಗೆ ಹಿತವಾಗಿದೆ, ಸದ್ಯಕ್ಕೆ ಇಷ್ಟೇ ಇರಲಿ ಅಂದೆ.