ಮಕ್ಕಳ ಕನ್ನಡಕಕ್ಕೆ ಸಿಲಿಂಡರ್ ಪವರ್ ಪೂರ್ತಿ ಕೊಟ್ಟು ನೋಡಿದೆ: ನನ್ನ ಅನುಭವ

ಕಣ್ಣಿನ ಪವರ್ ಒಂದೊಂದು ದಿಕ್ಕಿಗೆ ಒಂದೊಂದು ಥರ ಇದ್ದರೆ ಅದನ್ನು ಸರಿಪಡಿಸುವ ಲೆನ್ಸ್ ಪವರೇ ಸಿಲಿಂಡರ್. ರೆಟಿನೋಸ್ಕೋಪಿಯಲ್ಲಿ (ಕಣ್ಣಿಗೆ ಬೆಳಕು ಹಾಯಿಸಿ ಪವರ್ ಅಳೆಯುವ ಪರೀಕ್ಷೆ) ಮೂರು ಡಯಾಪ್ಟರ್ (ಲೆನ್ಸ್ ಪವರಿನ ಅಳತೆ) ಸಿಲಿಂಡರ್ ಕಂಡರೂ ಚೀಟಿಯಲ್ಲಿ ಒಂದೂವರೆ ಬರೆಯುವ ಅಭ್ಯಾಸ ಕಣ್ಣು ಪರೀಕ್ಷೆ ಮಾಡಿ ಕನ್ನಡಕ ಕೊಡುವ ನಮ್ಮವರಲ್ಲಿ ಇನ್ನೂ ಹೋಗಿಲ್ಲ. ‘ಮಗು ತಡ್ಕೊಳ್ಳಲ್ಲ, ನೆಲ ಓರೆ ಕಾಣುತ್ತೆ, ಎರಡೇ ದಿನಕ್ಕೆ ವಾಪಸ್ ತರ್ತಾರೆ ನೋಡಿ’ ಎಂದು ಹೆದರಿಸಿದವರೇ ಹೆಚ್ಚು. ದೊಡ್ಡವರ ವಿಷಯದಲ್ಲಿ ಆ ಮಾತು ಸರಿ. ಏಳೆಂಟು ವರ್ಷದೊಳಗಿನ ಮಕ್ಕಳಿಗೆ ನಾನು ಪೂರ್ತಿ ಸಿಲಿಂಡರನ್ನೇ ಕೊಡುತ್ತೇನೆ, ಆಕ್ಸಿಸನ್ನು (ಸಿಲಿಂಡರ್ ಕೂರುವ ಕೋನ) 90ಕ್ಕೋ 180ಕ್ಕೋ ಎಳೆದು ‘ಸರಿಮಾಡದೆ’. ವಾಪಸ್ ಬರುವುದು ಹತ್ತರಲ್ಲಿ ಒಂದೋ ಎರಡೋ. ಅದರಲ್ಲೂ ಮುಕ್ಕಾಲು ಪಾಲು ತಕರಾರು ಫ್ರೇಮಿನದು.

ಆಟೋರೆಫ್ರಾಕ್ಟರ್ (ಪವರ್ ತಾನೇ ಅಳೆಯುವ ಯಂತ್ರ) ಚೀಟಿಯ ಸಿಲಿಂಡರನ್ನು ಅಂದಾಜಿಗೆ ನಂಬಬಹುದು, ಸ್ಫಿಯರನ್ನು (ಎಲ್ಲಾ ದಿಕ್ಕಿಗೂ ಒಂದೇ ಆದ ಪವರ್) ನಂಬಬೇಡಿ. ಮಗು ಯಂತ್ರದೊಳಗಿನ ಚಿತ್ರ ನೋಡುತ್ತಾ ಫೋಕಸ್ ಹತ್ತಿರಕ್ಕೆ ಎಳೆದು ಮೈನಸ್ ಜಾಸ್ತಿ ತೋರಿಸುತ್ತದೆ. ಹಾಗಾಗಿ ಫೋಕಸ್ ಸಡಿಲಿಸುವ ಡ್ರಾಪ್ಸ್ ಹಾಕದೆ ಚೀಟಿ ಬರೆಯುವುದಿಲ್ಲ. ಸೈಕ್ಲೋಪೆಂಟೊಲೇಟ್ 1%, ಹತ್ತು ನಿಮಿಷ ಬಿಟ್ಟು ಇನ್ನೊಂದು ಹನಿ, ಮುಕ್ಕಾಲು ಗಂಟೆಯ ಹೊತ್ತಿಗೆ ಪರೀಕ್ಷೆ. ತೀರಾ ಚಿಕ್ಕವರಿಗೆ, ಮೆಳ್ಳೆಗಣ್ಣಿದ್ದವರಿಗೆ ಡಾಕ್ಟರ್ ಆಟ್ರೋಪಿನ್ ಮುಲಾಮು ಬರೆದುಕೊಡುತ್ತಾರೆ. ಮುಖ ಕೆಂಪಗಾಗಿ ಜ್ವರ ಬಂದರೆ ನಿಲ್ಲಿಸಿ ಫೋನ್ ಮಾಡಿ ಎಂದು ತಾಯಿಗೆ ಹೇಳಲೇಬೇಕು.

ರೆಟಿನೋಸ್ಕೋಪಿಗೆ ಮಗುವಿನಿಂದ 66 ಸೆಂ.ಮೀ. ದೂರದಲ್ಲಿ ಕೂತರೆ ಸಿಕ್ಕ ಪವರಿನಿಂದ 1.50 ಕಳೆಯುವುದು ಎಲ್ಲರಿಗೂ ಗೊತ್ತಿದ್ದದ್ದೇ. ಮಗು ಅಲುಗಾಡುತ್ತಾ ನಾವು ಮುಂದೆ ಸರಿದು 50ಕ್ಕೆ ಬಂದುಬಿಟ್ಟರೆ 2.00 ಕಳೆಯಬೇಕು. ಹತ್ತಿರ ಬಂದಿದ್ದು ಗಮನಕ್ಕೆ ಬರದಿದ್ದರೆ ಅರ್ಧ ಡಯಾಪ್ಟರ್ ಅಲ್ಲೇ ಹೋಯಿತು. ಕಣ್ಣಿನ ಹೆಚ್ಚು ಪವರಿನ ದಿಕ್ಕು, ಕಡಿಮೆ ಪವರಿನ ದಿಕ್ಕು ಎಂಬ ಎರಡು ಮೆರಿಡಿಯನ್‌ಗಳನ್ನೂ ಸ್ಫಿಯರ್ ಲೆನ್ಸಿನಲ್ಲೇ ಬೇರೆಬೇರೆಯಾಗಿ ನ್ಯೂಟ್ರಲ್ ಮಾಡುವುದು (ಪಾಪೆಯಲ್ಲಿ ಕಾಣುವ ಬೆಳಕಿನ ಚಲನೆ ನಿಲ್ಲುವವರೆಗೆ ಲೆನ್ಸ್ ಬದಲಿಸುವುದು) ನನ್ನ ಕ್ರಮ. ಕ್ರಾಸ್ ಸಿಲಿಂಡರ್ (ಲೆನ್ಸ್ ತಿರುವಿ ಯಾವುದು ಸ್ಪಷ್ಟ ಎಂದು ಕೇಳುವ ಪರೀಕ್ಷೆ) ಏಳು ವರ್ಷಕ್ಕಿಂತ ಕೆಳಗೆ ಸಮಯ ದಂಡ. ‘ಒಂದಾ ಎರಡಾ’ ಎಂದರೆ ಎರಡೂ ಚೆನ್ನಾಗಿದೆ ಅನ್ನುತ್ತವೆ. ಮೂರು ವರ್ಷದ ಮಗುವಿನ ಕಣ್ಣು ದೂರದಲ್ಲೇ ನಿಲ್ಲಿಸಲು ನನ್ನದೊಂದು ಉಪಾಯವಿದೆ, ಅದನ್ನು ಇಲ್ಲಿ ಬಿಚ್ಚಿಡುವುದಿಲ್ಲ.

ಇನ್ನು ಫ್ರೇಮು. ಆಕ್ಸಿಸ್ 5 ಡಿಗ್ರಿ ತಿರುಗಿದರೆ ಸಿಲಿಂಡರಿನ ಸುಮಾರು 17% ಸರಿಹೋಗದೆ ಉಳಿದುಬಿಡುತ್ತದೆ, 10 ಡಿಗ್ರಿಗೆ 35%. ಮೂರರ ಸಿಲಿಂಡರಿಗೆ ಅದು ಒಂದು ಡಯಾಪ್ಟರ್ ಆಯಿತು. 30 ಡಿಗ್ರಿ ತಿರುಗಿದರೆ ಹಾಕಿದ್ದೂ ಒಂದೇ, ಬಿಟ್ಟಿದ್ದೂ ಒಂದೇ. ಆದ್ದರಿಂದ ಗುಂಡು ಫ್ರೇಮ್ ಬೇಡವೇ ಬೇಡ, ಲೆನ್ಸ್ ಫ್ರೇಮಿನ ತೋಡಿನಲ್ಲಿ ತಿರುಗುತ್ತದೆ. ಸ್ವಲ್ಪ ಮೂಲೆಯಿರುವ ಆಕಾರ, ಮೂಗಿನ ಮೇಲೆ ಸರಿಯಾಗಿ ಕೂರುವ ಸೇತುವೆ, ಹಿಂದೆ ಎಲಾಸ್ಟಿಕ್ ಪಟ್ಟಿ ಇರಲಿ. ಒಂದು ಕಡ್ಡಿ ಬಗ್ಗಿ ಫ್ರೇಮ್ ವಾಲಿದರೂ ಆಕ್ಸಿಸ್ ವಾಲಿದಂತೆಯೇ. ಫಿಟ್ಟಿಂಗ್ ಆಗಿ ಬಂದ ಪ್ರತಿ ಜೋಡಿಯನ್ನೂ ಲೆನ್ಸಿನ ಪವರ್, ಆಕ್ಸಿಸ್ ಅಳೆಯುವ ಲೆನ್ಸೋಮೀಟರಿನಲ್ಲಿ ಇಟ್ಟು ನೋಡಿಯೇ ಕೊಡುತ್ತೇನೆ.

ದುಡ್ಡಿನ ಲೆಕ್ಕ ಬಾಯಿಲೆಕ್ಕವೇ. ರೆಡಿ ಸ್ಟಾಕ್ ಲೆನ್ಸ್ ಸಾಮಾನ್ಯವಾಗಿ 2.00 ಸಿಲಿಂಡರಿನವರೆಗೆ ಸಿಗುತ್ತದೆ. ಅದಕ್ಕಿಂತ ಮೇಲಿನದನ್ನು ಲ್ಯಾಬಿನಲ್ಲಿ ಮಾಡಿಸಬೇಕು, ವಾರ ಹಿಡಿಯುತ್ತದೆ. ಸಾದಾ ಪ್ಲಾಸ್ಟಿಕ್ ಜೋಡಿಗೆ ನನಗೆ ಏಳೆಂಟು ನೂರು ಬೀಳುತ್ತದೆ, ಸುಲಭಕ್ಕೆ ಒಡೆಯದ ಪಾಲಿಕಾರ್ಬೊನೇಟಿಗೆ ಅದರ ದುಪ್ಪಟ್ಟು. ಅರ್ಧ ಪವರ್ ಬರೆಯುವುದಕ್ಕೆ ಇದೂ ಒಂದು ಕಾರಣ, ಯಾರೂ ಒಪ್ಪಿಕೊಳ್ಳುವುದಿಲ್ಲ ಅಷ್ಟೇ: ಒಂದೂವರೆ ಸ್ಟಾಕಿನಲ್ಲಿದೆ, ಮೂರು ಇಲ್ಲ. ಮಕ್ಕಳು ಬಿದ್ದು ಏಳುವವರು, ನಾನು ಫ್ರೇಮಿನ ಲಾಭ ಬಿಟ್ಟಾದರೂ ಪಾಲಿಕಾರ್ಬೊನೇಟನ್ನೇ ಒಪ್ಪಿಸುತ್ತೇನೆ.

ಕನ್ನಡಕ ಕೊಟ್ಟ ದಿನವೇ 6/6 (ಸಾಮಾನ್ಯ ದೃಷ್ಟಿಯ ಸಾಲು) ಓದಬೇಕೆಂದು ಅಪ್ಪ ಅಮ್ಮ ಕಾಯುತ್ತಾರೆ. ಚಿಕ್ಕಂದಿನಲ್ಲಿ ಸ್ಪಷ್ಟ ಚಿತ್ರ ಸಿಗದೆ ನೋಟ ಬೆಳೆಯದ ಸೋಮಾರಿ ಕಣ್ಣಾಗಿದ್ದರೆ ಓದುವುದಿಲ್ಲ. ನಾಲ್ಕು ತಿಂಗಳು ದಿನವಿಡೀ ಬರೀ ಕನ್ನಡಕ, ನಡುವೆ ಒಮ್ಮೆ ತಪಾಸಣೆ. 6/18 ಇದ್ದವರಲ್ಲಿ ಬಹಳಷ್ಟು ಮಂದಿ ಅಷ್ಟರಲ್ಲೇ 6/9ಕ್ಕೆ ಬಂದದ್ದಿದೆ. ಎರಡು ಕಣ್ಣಿಗೂ ವ್ಯತ್ಯಾಸ ಉಳಿದರೆ ಆಮೇಲೆ ಡಾಕ್ಟರ್ ಹೇಳಿದಂತೆ ಒಳ್ಳೆಯ ಕಣ್ಣಿಗೆ ಪಟ್ಟಿ, ಸಾಧಾರಣ ಮಟ್ಟದ ದೋಷಕ್ಕೆ ದಿನಕ್ಕೆರಡು ಗಂಟೆಯಿಂದ ಶುರು.

ಒಂದು ಚಿಲ್ಲರೆ ಪ್ರಯೋಗ. ಕಿರಣಗಳಂತೆ ಗೆರೆ ಎಳೆದ ಫ್ಯಾನ್ ಚಾರ್ಟನ್ನು ಐದು ವರ್ಷದವರ ಮೇಲೆ ಪ್ರಯತ್ನಿಸಿದೆ, ಏನೂ ಪ್ರಯೋಜನವಾಗಲಿಲ್ಲ. ‘E’ ಚಾರ್ಟ್ (E ಅಕ್ಷರದ ಕಡ್ಡಿಗಳು ಯಾವ ಕಡೆಗಿವೆ ಎಂದು ಮಗು ಹೇಳುವುದು) ಕೆಲಸಕ್ಕೆ ಬಂತು. ತಪ್ಪು ಎಷ್ಟು ಎನ್ನುವ ಬದಲು ಯಾವ ದಿಕ್ಕಿನಲ್ಲಿ ತಪ್ಪು ಎಂದು ಬರೆದುಕೊಳ್ಳಿ. ಮೈನಸ್ ಸಿಲಿಂಡರಿನ ಆಕ್ಸಿಸ್ 180ರಲ್ಲಿರುವ, ಸ್ಫಿಯರ್ ಹೆಚ್ಚುಕಡಿಮೆ ಸೊನ್ನೆಯಿರುವ ಮಗುವಿಗೆ ಅಡ್ಡಗೆರೆ ಮಸುಕು, ಉದ್ದಗೆರೆ ಸ್ಪಷ್ಟ. E ಕಡ್ಡಿಗಳು ಮೇಲೆ ಕೆಳಗೆ ಇದ್ದರೆ ಸರಿ ಹೇಳಿ ಎಡ ಬಲಕ್ಕಿದ್ದರೆ ತಡವರಿಸುತ್ತದೆ. ಶಾಲೆಯ ಕ್ಯಾಂಪಿನಲ್ಲಿ ಸಂಶಯಕ್ಕೆ ಇಷ್ಟು ಸಾಕು.

ಧೂಳು ಬಿಸಿಲಿನ ಊರುಗಳಲ್ಲಿ ಇನ್ನೊಂದು ಕಾಟ, ಕಣ್ಣು ತುರಿಸಿ ತುರಿಸಿ ಉಜ್ಜುವ ಅಲರ್ಜಿ ಮಕ್ಕಳು. ಆರು ತಿಂಗಳಲ್ಲಿ ಸಿಲಿಂಡರ್ ಒಂದು ಡಯಾಪ್ಟರ್ ಏರಿ, ಆಕ್ಸಿಸ್ ಓರೆಯಾಗಿ, ರಿಫ್ಲೆಕ್ಸ್ (ರೆಟಿನೋಸ್ಕೋಪಿಯಲ್ಲಿ ಪಾಪೆಯೊಳಗೆ ಕಾಣುವ ಬೆಳಕು) ಕತ್ತರಿಯಂತೆ ಎರಡಾಗಿ ಆಡಿದರೆ ಹೊಸ ಕನ್ನಡಕಕ್ಕೆ ಆರ್ಡರ್ ಹಾಕಬೇಡಿ. ಕೆರಾಟೋಕೋನಸ್ (ಕಣ್ಣಿನ ಮುಂಭಾಗದ ಪಾರದರ್ಶಕ ಪೊರೆ ಕಾರ್ನಿಯಾ ತೆಳುವಾಗಿ ಶಂಕುವಿನಂತೆ ಉಬ್ಬುವ ರೋಗ) ಸಂಶಯ, ಮೊದಲು ಕಾರ್ನಿಯಾದ ಆಕಾರದ ನಕ್ಷೆ ತೆಗೆಯುವ ಟೊಪೋಗ್ರಫಿಗೆ ಕಳಿಸಿ.