ಗಿರಿಯಲ್ಲಿ ಕುರಿಂಜಿ ನೋಡಲು ಎರಡು ಸಲ ಹೋದೆವು

2022ರ ಸೆಪ್ಟೆಂಬರ್ ಕೊನೆಯಲ್ಲಿ ಚಿಕ್ಕಮಗಳೂರು ಹತ್ತಿರದ ಚಂದ್ರದ್ರೋಣದ ಬೆಟ್ಟಗಳಲ್ಲಿ ನೀಲಿ ಕುರಿಂಜಿ ಅರಳಿದೆ ಅಂತ ಪೇಪರ್‌ನಲ್ಲಿ ಬಂತು. ಅಮ್ಮ ಫೋಟೋ ನೋಡುತ್ತಾ, "ನನ್ನನ್ನೂ ಕರ್ಕೊಂಡು ಹೋಗ್ತೀಯಾ?" ಅಂದಳು. ಅವಳಿಗೆ ಮಂಡಿ ನೋವು. ಬೆಟ್ಟ ಅಂದರೆ ದೂರದಿಂದಲೇ ಕೈಮುಗಿಯುವವಳು ತಾನಾಗಿ ಕೇಳಿದ್ದಳು. ಆಗಲ್ಲ ಅನ್ನೋಕೆ ಮನಸ್ಸು ಬರಲಿಲ್ಲ.

ಮೊದಲ ಸಲ ಹೋಗಿದ್ದು ಭಾನುವಾರ. ಹಾಸನದಲ್ಲಿ ತಿಂಡಿ ಮುಗಿಸಿ, ನಿಧಾನಕ್ಕೆ ಹೊರಟು ಕೈಮರ ಚೆಕ್‌ಪೋಸ್ಟ್ ತಲುಪುವಷ್ಟರಲ್ಲಿ ಹತ್ತೂವರೆ. ಮುಂದೆ ಕಣ್ಣು ಹಾಯುವಷ್ಟು ದೂರ ಕಾರುಗಳು. ರಸ್ತೆ ಕಿರಿದು, ಒಂದು ಕಡೆ ಗುಡ್ಡ, ಇನ್ನೊಂದು ಕಡೆ ಕಣಿವೆ. ಎದುರು ಗಾಡಿ ಬಂದರೆ ಯಾರಾದರೂ ಹಿಂದೆ ತೆಗೀಬೇಕು. ಕವಿಕಲ್ ಗಂಡಿ ಮುಟ್ಟಿದಾಗ ಮಧ್ಯಾಹ್ನ ದಾಟಿತ್ತು. ಮಂಜು ಮುಚ್ಚಿ ಹತ್ತು ಮಾರು ಆಚೆ ಏನೂ ಕಾಣುತ್ತಿರಲಿಲ್ಲ. ಅಮ್ಮ ಕಾರಿನ ಗಾಜು ಒರೆಸಿ ಒರೆಸಿ ನೋಡಿದಳು. ಹಾಗೇ ವಾಪಸ್ ಬಂದೆವು.

ಚಿಕ್ಕಮಗಳೂರಿನಲ್ಲಿರುವ ನಮ್ಮ ಸೋದರಮಾವನಿಗೆ ಫೋನ್ ಮಾಡಿ ಹೇಳಿಕೊಂಡೆ. "ಭಾನುವಾರ ಯಾಕೋ ಬಂದೆ? ಬುಧವಾರ ಬಾ. ಹಿಂದಿನ ರಾತ್ರಿ ನಮ್ಮನೇಲಿ ಮಲ್ಕೊಳ್ಳಿ. ಬೆಳಕು ಹರಿಯೋ ಹೊತ್ತಿಗೆ ಮೇಲಿರಬೇಕು" ಅಂದರು. ಅವರು ಹೇಳಿದ ಹಾಗೇ ಮಾಡಿದೆವು.

ಬುಧವಾರ ಕೈಮರದಲ್ಲಿ ನಮ್ಮ ಮುಂದೆ ಮೂರೇ ಗಾಡಿ. ಗಂಡಿ ದಾಟಿ ದತ್ತಪೀಠದ ಕಡೆ ಸ್ವಲ್ಪ ದೂರ ಹೋಗಿ, ರಸ್ತೆ ಅಗಲ ಇರುವ ಒಂದು ತಿರುವಿನಲ್ಲಿ ನಿಲ್ಲಿಸಿದೆವು. ಆಗಲೂ ಮಂಜೇ. ಆದರೆ ಈ ಸಲ ನಮಗೆ ಅವಸರ ಇರಲಿಲ್ಲ. ಫ್ಲಾಸ್ಕಿನ ಕಾಫಿ ಕುಡಿದೆವು, ಅತ್ತೆ ಕಟ್ಟಿಕೊಟ್ಟ ಅಕ್ಕಿರೊಟ್ಟಿ ತಿಂದೆವು. ಮುಕ್ಕಾಲು ಗಂಟೆ ಆದಮೇಲೆ ಕೆಳಗಿಂದ ಗಾಳಿ ಬೀಸಿತು. ಮಂಜು ಒಂದು ಕಡೆಯಿಂದ ಕಿತ್ತುಕೊಂಡು ಹೋಯಿತು. ಹಸಿರು ಹುಲ್ಲಿನ ಇಳಿಜಾರಿನ ಮೇಲೆ ತಿಳಿ ನೇರಳೆ ಬಣ್ಣ ಹರಡಿಕೊಂಡಿತ್ತು. ಅಮ್ಮ ನನ್ನ ಕೈ ಹಿಡ್ಕೊಂಡಳು, ಮಾತಾಡಲಿಲ್ಲ.

ಫೋಟೋಗಳಲ್ಲಿ ಇಡೀ ಬೆಟ್ಟ ಕಡು ನೀಲಿ ಕಾಣುತ್ತೆ, ಅಲ್ವಾ? ಎದುರಿಗೆ ನೋಡಿದರೆ ಬಣ್ಣ ಇನ್ನೂ ಮೆತ್ತಗೆ. ಅಲ್ಲಲ್ಲಿ ದಟ್ಟ, ಅಲ್ಲಲ್ಲಿ ಬರೀ ಹುಲ್ಲು. ನನಗೆ ಇದೇ ಹೆಚ್ಚು ಇಷ್ಟವಾಯಿತು.

ರಸ್ತೆ ಬದಿಯಲ್ಲೇ ಮಂಡಿ ಎತ್ತರದ ಗಿಡಗಳಿದ್ದವು. ಬಗ್ಗಿ ನೋಡಿದೆ. ಹೂ ಸಣ್ಣ ಗಂಟೆಯ ಹಾಗಿದೆ, ಅಂಚಿನಲ್ಲಿ ಐದು ಎಸಳಾಗಿ ಬಿಚ್ಚಿಕೊಂಡಿದೆ. ಎಲೆ ಒರಟು. ತೆನೆಯ ಮೇಲಿನ ರೋಮಕ್ಕೆ ಇಬ್ಬನಿ ಅಂಟಿಕೊಂಡು ಇಡೀ ತೆನೆ ಬೆಳ್ಳಗೆ ಕಾಣುತ್ತಿತ್ತು. ಬಿಸಿಲು ತಾಗಿದ್ದೇ ತಡ, ಜೇನುನೊಣ ಬಂದವು. ಒಂದು ನೊಣ ಹೂವಿನೊಳಗೆ ಪೂರ್ತಿ ನುಗ್ಗಿ, ಹಿಂದಕ್ಕೆ ನಡೆದುಕೊಂಡೇ ಹೊರಗೆ ಬಂತು. ಬೆನ್ನ ಮೇಲೆ ಪರಾಗ. ಅಮ್ಮ ಅದನ್ನು ನೋಡುತ್ತಾ ಎಷ್ಟು ಹೊತ್ತು ನಿಂತಳೋ, ಮಂಡಿ ನೋವಿನ ಮಾತೇ ಎತ್ತಲಿಲ್ಲ.

ಕುರಿಂಜಿಯಲ್ಲಿ ಹಲವು ಜಾತಿ ಇವೆ. ಹನ್ನೆರಡು ವರ್ಷಕ್ಕೊಮ್ಮೆ ಅರಳೋದು ಅಂತ ಎಲ್ಲರಿಗೂ ಗೊತ್ತಿರುವುದು ಅದರಲ್ಲಿ ಒಂದು ಜಾತಿ. ಉಳಿದವುಗಳ ಲೆಕ್ಕ ಬೇರೆ ಬೇರೆ, ಕೆಲವು ಪ್ರತಿ ವರ್ಷವೂ ಹೂ ಬಿಡುತ್ತವೆ. ಹೀಗೆ ಬೆಟ್ಟ ತುಂಬಾ ಒಟ್ಟಿಗೆ ಅರಳುವ ಗಿಡ ಬದುಕಿನಲ್ಲಿ ಒಂದೇ ಸಲ ಹೂ ಬಿಟ್ಟು, ಬೀಜ ಉದುರಿಸಿ, ಒಣಗಿ ಹೋಗುತ್ತೆ. ಆ ಬೀಜ ಬಿಟ್ಟರೆ ಅದಕ್ಕೆ ಇನ್ನೊಂದು ದಾರಿ ಇಲ್ಲ. ಹಾಗಿರುವಾಗ, ನಾವು ನಿಂತಲ್ಲೇ ಒಂದು ಗುಂಪು ಇಳಿಜಾರಿನೊಳಗೆ ಇಳಿದು ತೋಳು ತುಂಬಾ ಕೊಂಬೆ ಮುರಿದುಕೊಂಡು ಬಂತು. ಫೋಟೋ ತೆಗೆದು ಕಾರಿನ ಪಕ್ಕ ಬಿಸಾಡಿದರು. ನನಗೆ ಹೊಟ್ಟೆ ಉರಿಯಿತು. ನಮ್ಮ ಜೊತೆ ಬಂದಿದ್ದ ಮಾವ ಅವರ ಹತ್ತಿರ ಹೋಗಿ ಒಂದು ಕೊಂಬೆ ಎತ್ತಿ, "ಇದ್ರಲ್ಲಿ ಬೀಜ ಕಟ್ಬೇಕಿತ್ತು ಕಣಪ್ಪಾ, ಅದಕ್ಕೆ ಮುಂದಿನ ಸಲ ಅಂತ ಇಲ್ಲ" ಅಂದರು. ಒಬ್ಬ ಹುಡುಗ ಕ್ಷಮೆ ಕೇಳಿದ. ಅಷ್ಟಾದರೂ ಆಯಿತು.

ಅಮ್ಮನ ಜೊತೆ ಮುಳ್ಳಯ್ಯನಗಿರಿ ತುದಿಗೆ ಹತ್ತಲಿಲ್ಲ. ಸುಮಾರು 1,930 ಮೀಟರ್ ಎತ್ತರದ, ರಾಜ್ಯದಲ್ಲೇ ಎತ್ತರದ ಶಿಖರ ಅದು, ಕೊನೆಗೆ ಮೆಟ್ಟಿಲು ಹತ್ತಬೇಕು. ಹೂ ನೋಡೋಕೆ ಅಷ್ಟೆಲ್ಲ ಬೇಕಾಗಿಲ್ಲ, ವಯಸ್ಸಾದವರಿಗೆ ರಸ್ತೆ ಬದಿಯೇ ಸಾಕು. ಜರ್ಕಿನ್, ಜಾರದ ಚಪ್ಪಲಿ ಮಾತ್ರ ಬೇಕೇ ಬೇಕು. 2025ರ ಸೆಪ್ಟೆಂಬರ್‌ನಿಂದ ಗಾಡಿಗಳಿಗೆ ಆನ್‌ಲೈನ್ ಬುಕಿಂಗ್ ಬಂದಿದೆ, ಬೆಳಗ್ಗೆ ಮತ್ತು ಮಧ್ಯಾಹ್ನ ಎರಡು ಸರದಿ. ಬೆಳಗಿನದನ್ನೇ ಹಿಡಿಯಿರಿ.

ಹೂ ನೋಡಿದ ಮರುವರ್ಷ, 2023ರಲ್ಲಿ, ಮಳೆ ಸ್ವಲ್ಪ ಬಿಟ್ಟಾಗ ಅದೇ ತಿರುವಿಗೆ ಮತ್ತೆ ಹೋದೆವು. ಹೂ ಬಿಟ್ಟಿದ್ದ ಗಿಡಗಳೆಲ್ಲ ಕಂದು ಕಡ್ಡಿಯಾಗಿ ನಿಂತಿದ್ದವು. ಅಮ್ಮ ಕಾರಿನ ಬಾಗಿಲು ಹಿಡಿದು ಬಗ್ಗಿದಳು. ಒಣಕಡ್ಡಿಗಳ ಬುಡದಲ್ಲಿ, ಹುಲ್ಲಿನ ಮಧ್ಯೆ, ಉಗುರಿನಷ್ಟು ಅಗಲದ ಎಲೆಗಳ ಸಸಿ ತುಂಬಾ ಇದ್ದವು. "ಕಾಲಿಡ್ಬೇಡ, ಅಲ್ಲೇ ನಿಂತ್ಕೋ" ಅಂದಳು ನನಗೆ.