ಲುಬ್ಲಿನ್ ನಗರವನ್ನು ನೋಡುವ ಬಗೆ

ಪೋಲೆಂಡಿಗೆ ಹೊರಟವರ ಪಟ್ಟಿಯಲ್ಲಿ ವಾರ್ಸಾ ಇರುತ್ತದೆ, ಕ್ರಾಕೋವ್ ಇದ್ದೇ ಇರುತ್ತದೆ, ಸಮಯ ಉಳಿದರೆ ಗ್ದಾನ್ಸ್ಕ್ ಸೇರುತ್ತದೆ. ದೇಶದ ಪೂರ್ವ ಭಾಗದ ದೊಡ್ಡ ವಿಶ್ವವಿದ್ಯಾಲಯ ನಗರವಾದ ಲುಬ್ಲಿನ್ ಮಾತ್ರ ಬಹುತೇಕ ಪಟ್ಟಿಗಳಿಂದ ಹೊರಗೆ ಉಳಿಯುತ್ತದೆ, ಸೇರಿದರೂ ವಾರ್ಸಾದಿಂದ ಬೆಳಿಗ್ಗೆ ಹೋಗಿ ಸಂಜೆಗೆ ಮರಳುವ ಊರಾಗಿ ಸೇರುತ್ತದೆ. ರೈಲಿನಲ್ಲಿ ಸುಮಾರು ಎರಡು ಗಂಟೆಯ ದಾರಿಯಾದ್ದರಿಂದ ಹಾಗೆ ಮಾಡಲು ಸಾಧ್ಯವಿದೆಯಾದರೂ ಮಾಡಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಈ ಊರಿನ ಇತಿಹಾಸದಲ್ಲಿ ಒಂದೇ ದಿನದಲ್ಲಿ ಬೆರೆಸಿ ನೋಡಲಾಗದ ಸಂಗತಿಗಳಿವೆ. ಜೊತೆಗೆ ಇದರ ಜೀವಂತಿಕೆ ಕಾಣುವುದು ವಿದ್ಯಾರ್ಥಿಗಳು ತರಗತಿ ಮುಗಿಸಿ ಬೀದಿಗಿಳಿಯುವ ಸಂಜೆಯ ಹೊತ್ತಿನಲ್ಲಿ. ಕನಿಷ್ಠ ಎರಡು ರಾತ್ರಿಗಳನ್ನು ಇದಕ್ಕೆಂದು ಮೀಸಲಿಡಿ.

ಮೊದಲು ಕಾಲದ ವಿಚಾರ. ಪೋಲೆಂಡಿನ ವಿಶ್ವವಿದ್ಯಾಲಯಗಳ ವರ್ಷ ಅಕ್ಟೋಬರಿನಲ್ಲಿ ಆರಂಭವಾಗಿ ಜೂನ್ ಹೊತ್ತಿಗೆ ಮುಗಿಯುತ್ತದೆ. ಹಾಗಾಗಿ ಹವೆಯೂ ಹಿತವಾಗಿದ್ದು ವಿದ್ಯಾರ್ಥಿಗಳೂ ಊರಿನಲ್ಲಿರುವ ಮೇ ತಿಂಗಳು ಮತ್ತು ಜೂನ್ ತಿಂಗಳ ಮೊದಲ ಭಾಗ ಅತ್ಯುತ್ತಮ. ಮೇ ತಿಂಗಳಲ್ಲಿ ನಡೆಯುವ ವಿದ್ಯಾರ್ಥಿಗಳ ಉತ್ಸವಕ್ಕೆ ಇಲ್ಲಿ ‘ಕೊಝೆನಾಲಿಯಾ’ ಎಂಬ ಹೆಸರಿದೆ. ನಗರದ ಲಾಂಛನದಲ್ಲಿ ದ್ರಾಕ್ಷಿ ಬಳ್ಳಿಗೆ ಮುಂಗಾಲೆತ್ತಿ ನಿಂತಿರುವ ಮೇಕೆಯೇ ಆ ಹೆಸರಿನ ಮೂಲ. ಜೂನ್ ಆರಂಭದಲ್ಲಿ ಒಂದು ರಾತ್ರಿಯಿಡೀ ಹಳೆಯ ನಗರದ ಅಂಗಳಗಳು ಪ್ರದರ್ಶನಗಳಿಗೆ ತೆರೆದುಕೊಳ್ಳುವ ‘ಸಂಸ್ಕೃತಿಯ ರಾತ್ರಿ’ ನಡೆಯುತ್ತದೆ. ಜುಲೈ ಕೊನೆಗೆ ದೊಂಬರಾಟ, ಜಾದೂ ಮತ್ತು ಹಗ್ಗದ ಮೇಲಿನ ನಡಿಗೆಯ ಉತ್ಸವವೂ ಆಗಸ್ಟಿನಲ್ಲಿ ಜನಪದ ಕರಕುಶಲಗಳ ಯಾಗಿಯೆಲ್ಲೋ ಜಾತ್ರೆಯೂ ಇರುವುದರಿಂದ ಬೇಸಿಗೆಯಲ್ಲಿ ಹೋದವರಿಗೂ ನಷ್ಟವಿಲ್ಲ. 2029ಕ್ಕೆ ಲುಬ್ಲಿನ್ ಯುರೋಪಿನ ಸಾಂಸ್ಕೃತಿಕ ರಾಜಧಾನಿಯಾಗಿ ಆಯ್ಕೆಯಾಗಿದೆ. ಜನಸಂದಣಿ ಬೇಡವೆನ್ನುವವರು ಅದಕ್ಕೆ ಮೊದಲೇ ಹೋಗಿ ಬರುವುದು ಜಾಣತನ.

ಭಾರತೀಯ ಪಾಸ್‌ಪೋರ್ಟ್ ಉಳ್ಳವರಿಗೆ, ಯುರೋಪಿನ ಹಲವು ದೇಶಗಳಿಗೆ ಒಟ್ಟಾಗಿ ಸಲ್ಲುವ ಷೆಂಗೆನ್ ವೀಸಾ ಅಗತ್ಯ. ಹಲವು ದೇಶಗಳನ್ನು ಸುತ್ತುವುದಾದರೆ ಹೆಚ್ಚು ದಿನ ತಂಗುವ ದೇಶಕ್ಕೇ ಅರ್ಜಿ ಸಲ್ಲಿಸಬೇಕೆಂಬ ನಿಯಮವಿದೆ, ಕನಿಷ್ಠ 30,000 ಯೂರೋ ಮೊತ್ತದ ವೈದ್ಯಕೀಯ ವಿಮೆಯೂ ಬೇಕು. ಪೋಲೆಂಡಿನ ಹಣ ಯೂರೋ ಅಲ್ಲ, ಜ್ಲೋಟಿ. ಇನ್ನೊಂದು ಸಂಗತಿಯನ್ನು ಪ್ರವಾಸಿಗರು ಮರೆಯುವುದೇ ಹೆಚ್ಚು: 2018ರಲ್ಲಿ ಜಾರಿಗೆ ಬಂದ ಕಾನೂನಿನಂತೆ ವರ್ಷದ ಬಹುತೇಕ ಭಾನುವಾರಗಳಂದು ದೊಡ್ಡ ಅಂಗಡಿಗಳೂ ಮಾಲ್‌ಗಳೂ ಮುಚ್ಚಿರುತ್ತವೆ. ಹೋಟೆಲುಗಳಿಗೆ ಈ ನಿರ್ಬಂಧವಿಲ್ಲ, ಆದರೆ ಹಣ್ಣು, ಮೊಸರು, ಬ್ರೆಡ್ ಕೊಂಡು ರೂಮಿನಲ್ಲೇ ಊಟ ಮಾಡುವವರು ಶನಿವಾರವೇ ಖರೀದಿ ಮುಗಿಸಬೇಕು.

ಮುಖ್ಯ ರೈಲು ನಿಲ್ದಾಣ ಹಳೆಯ ನಗರದಿಂದ ಸುಮಾರು ಎರಡು ಕಿಲೋಮೀಟರ್ ದಕ್ಷಿಣಕ್ಕಿದೆ. ಅಲ್ಲಿಂದ ಟ್ಯಾಕ್ಸಿ ಹಿಡಿಯುವ ಬದಲು ಟ್ರಾಲಿಬಸ್ ಹತ್ತಿ. ಮೇಲಿನ ತಂತಿಯಿಂದ ವಿದ್ಯುತ್ ಪಡೆದು ರಬ್ಬರ್ ಗಾಲಿಗಳ ಮೇಲೆ ಓಡುವ ಈ ವಾಹನ ಪೋಲೆಂಡಿನಲ್ಲಿ ಈಗ ಉಳಿದಿರುವುದು ಮೂರೇ ಊರುಗಳಲ್ಲಿ, ಲುಬ್ಲಿನ್‌ನಲ್ಲಿ ಅದು 1953ರಿಂದ ಓಡುತ್ತಿದೆ. ಕಾಗದದ ಟಿಕೆಟ್ ಕೊಂಡರೆ ಹತ್ತಿದ ಕೂಡಲೇ ವಾಹನದೊಳಗಿನ ಯಂತ್ರದಲ್ಲಿ ಮುದ್ರೆ ಹಾಕಿಸಿಕೊಳ್ಳಿ. ಮುದ್ರೆಯಿಲ್ಲದ ಟಿಕೆಟ್ ಕೈಯಲ್ಲಿದ್ದರೂ ತಪಾಸಣೆಯವರು ದಂಡ ಹಾಕುತ್ತಾರೆ.

ಮೊದಲ ದಿನವನ್ನು ಹಳೆಯ ನಗರದ ಬಾಗಿಲಾದ ಕ್ರಾಕೋವ್ ದ್ವಾರದಿಂದ ಕೋಟೆಯವರೆಗಿನ ನಡಿಗೆಗೆ ಇಟ್ಟುಕೊಳ್ಳಿ. ದೂರ ಒಂದು ಕಿಲೋಮೀಟರ್ ಕೂಡ ಇಲ್ಲ, ಆದರೂ ಅರ್ಧ ದಿನ ಸಾಲುವುದಿಲ್ಲ. ದ್ವಾರ ದಾಟಿ ಮಾರುಕಟ್ಟೆ ಚೌಕಕ್ಕೆ ಬಂದರೆ ನಡುವೆ ನಿಂತಿರುವ ಕಟ್ಟಡವೇ ಹಳೆಯ ರಾಜ್ಯ ನ್ಯಾಯಮಂಡಳಿ. 1578ರಲ್ಲಿ ಸ್ಥಾಪನೆಯಾದ ಈ ಮೇಲ್ಮನವಿ ನ್ಯಾಯಾಲಯದ ಬಗ್ಗೆ ಊರಿನವರು ಇಂದಿಗೂ ಒಂದು ಕತೆ ಹೇಳುತ್ತಾರೆ. 1637ರಲ್ಲಿ ಶ್ರೀಮಂತನೊಬ್ಬ ನ್ಯಾಯಾಧೀಶರಿಗೆ ಲಂಚ ಕೊಟ್ಟು ಬಡ ವಿಧವೆಯ ವಿರುದ್ಧ ತೀರ್ಪು ಪಡೆದನಂತೆ. ‘ದೆವ್ವಗಳು ಕೂಡ ಇದಕ್ಕಿಂತ ನ್ಯಾಯವಾಗಿ ತೀರ್ಪು ಕೊಡುತ್ತಿದ್ದವು’ ಎಂದು ಆಕೆ ಗೋಳಾಡಿದ ರಾತ್ರಿಯೇ ದೆವ್ವಗಳು ಬಂದು ಕಲಾಪ ನಡೆಸಿ ಆಕೆಯ ಪರ ತೀರ್ಪಿತ್ತು, ಸಹಿಯ ಬದಲು ಮೇಜಿನ ಮೇಲೆ ಸುಟ್ಟ ಪಂಜದ ಗುರುತನ್ನು ಬಿಟ್ಟುಹೋದವಂತೆ. ಆ ಮೇಜು ಕೋಟೆಯ ವಸ್ತುಸಂಗ್ರಹಾಲಯದಲ್ಲಿದೆ, ಮರದೊಳಗೆ ಇಳಿದ ಕಪ್ಪು ಕಲೆಯನ್ನು ಬಗ್ಗಿ ನೋಡಬಹುದು. ಚೌಕದ ಸಮೀಪದಲ್ಲಿರುವ ಕೆಥೀಡ್ರಲ್‌ನಲ್ಲಿ ಹೊರಗಿನ ಚೆಲುವಿಗಿಂತ ಧ್ವನಿಕೋಣೆಯೆಂದು ಹೆಸರುವಾಸಿಯಾದ ಸಕ್ರಿಸ್ಟಿಯನ್ನು, ಅಂದರೆ ಪಾದ್ರಿಗಳ ಉಡುಪು ಮತ್ತು ಪೂಜಾ ಸಾಮಗ್ರಿಗಳನ್ನು ಇಡುವ ಕೋಣೆಯನ್ನು ನೋಡಬೇಕು: ಒಂದು ಮೂಲೆಯಲ್ಲಿ ಗೋಡೆಗೆ ಮುಖ ಮಾಡಿ ಪಿಸುಗುಟ್ಟಿದರೆ ಎದುರಿನ ಮೂಲೆಯಲ್ಲಿ ಸ್ಪಷ್ಟವಾಗಿ ಕೇಳಿಸುತ್ತದೆ. ವಿಜಯಪುರದ ಗೋಳಗುಮ್ಮಟದ ಪಿಸುಮಾತಿನ ಗ್ಯಾಲರಿಯನ್ನು ಬಲ್ಲವರಿಗೆ ಅಲ್ಲಿನ ಗದ್ದಲವಿಲ್ಲದೆ ಅದೇ ಅನುಭವ ಇಲ್ಲಿ ಸಿಗುತ್ತದೆ.

ಕೋಟೆ ಹೊರಗಿನಿಂದ ನಿರಾಸೆ ಮೂಡಿಸಬಹುದು, ಏಕೆಂದರೆ ಈಗ ಕಾಣುವ ಬಿಳಿ ಕಟ್ಟಡದ ಬಹುಪಾಲು 1820ರ ದಶಕದಲ್ಲಿ ಸೆರೆಮನೆಯಾಗಿ ಕಟ್ಟಿದ್ದು, 1954ರವರೆಗೂ ಅದು ಸೆರೆಮನೆಯಾಗಿಯೇ ಇತ್ತು. ಅದರೊಳಗಿನ ಪವಿತ್ರ ತ್ರಿತ್ವದ ಪ್ರಾರ್ಥನಾಲಯವನ್ನು ಮಾತ್ರ ಯಾವ ಕಾರಣಕ್ಕೂ ಬಿಡಬೇಡಿ. ಕಟ್ಟಡ ಪಶ್ಚಿಮದ ಗಾಥಿಕ್ ಶೈಲಿಯದು, ಒಳಗಿನ ಗೋಡೆ ಮತ್ತು ಕಮಾನುಗಳ ತುಂಬ ಇರುವ ಚಿತ್ರಗಳು ಪೂರ್ವದ ಬೈಜಾಂಟಿಯಮ್ ಸಂಪ್ರದಾಯದವು. ಲಿಥುವೇನಿಯಾದಿಂದ ಬಂದು ಪೋಲೆಂಡಿನ ದೊರೆಯಾದ ವ್ಲಾದಿಸ್ವಾವ್ ಯಾಗಿಯೆಲ್ಲೊ ಪೂರ್ವದ ಕಲಾವಿದರನ್ನು ಕರೆಸಿ ಬರೆಸಿದ ಈ ಚಿತ್ರಗಳು 1418ರಲ್ಲಿ ಪೂರ್ಣಗೊಂಡವು. ಮುಂದೆ ಗಾರೆಯಡಿ ಮುಚ್ಚಿಹೋಗಿದ್ದ ಅವು 19ನೆಯ ಶತಮಾನದ ಕೊನೆಗೆ ಮತ್ತೆ ಪತ್ತೆಯಾದವು, ಅವುಗಳ ಜೀರ್ಣೋದ್ಧಾರ ಮುಗಿದದ್ದು 1997ರಲ್ಲಿ. ನಡುವಿನ ಒಂದೇ ಕಂಬ ಇಡೀ ಛಾವಣಿಯನ್ನು ಹೊತ್ತಿದೆ. ಕುದುರೆಯ ಮೇಲೆ ಕುಳಿತ ದೊರೆಯ ಚಿತ್ರವನ್ನು ಕಮಾನಿನ ಒಳಮೈಯಲ್ಲಿ ಹುಡುಕಿಕೊಳ್ಳಬೇಕು. ಒಮ್ಮೆಗೆ ಸೀಮಿತ ಸಂಖ್ಯೆಯವರನ್ನು ಮಾತ್ರ ಒಳಗೆ ಬಿಡುವುದರಿಂದ ಟಿಕೆಟನ್ನು ಮುಂಚಿತವಾಗಿ ಪಡೆಯುವುದು ಲೇಸು. 1569ರಲ್ಲಿ ಪೋಲೆಂಡ್ ಮತ್ತು ಲಿಥುವೇನಿಯಾಗಳನ್ನು ಒಂದೇ ರಾಜ್ಯವಾಗಿ ಬೆಸೆದ ಲುಬ್ಲಿನ್ ಒಪ್ಪಂದದ ಬಗ್ಗೆ ಯಾನ್ ಮಾತೇಯ್ಕೊ ಬರೆದ ಬೃಹತ್ ತೈಲಚಿತ್ರವೂ ಇದೇ ಕೋಟೆಯಲ್ಲಿದೆ.

ಕೋಟೆಯಿಂದ ಕೆಳಗೆ ನೋಡಿದಾಗ ಕಾಣುವ ಬಯಲು ಹಾಗೇ ಬಿಟ್ಟ ಜಾಗವಲ್ಲ. ಎರಡನೆಯ ಮಹಾಯುದ್ಧಕ್ಕೆ ಮೊದಲು ಈ ನಗರದ ಜನಸಂಖ್ಯೆಯ ಮೂರನೆಯ ಒಂದು ಭಾಗ, ಅಂದರೆ ಸುಮಾರು 43,000 ಮಂದಿ, ಯಹೂದಿಗಳಾಗಿದ್ದರು. ಕೋಟೆಯ ಬುಡದಲ್ಲಿದ್ದ ಅವರ ಬೀದಿಗಳನ್ನು ನಾಜಿಗಳು ನೆಲಸಮ ಮಾಡಿದರು. ಹಳೆಯ ನಗರವನ್ನೂ ಯಹೂದಿ ಪೇಟೆಯನ್ನೂ ಕೂಡಿಸುತ್ತಿದ್ದ ಗ್ರೋದ್ಸ್ಕಾ ದ್ವಾರದೊಳಗೆ ಈಗ ಒಂದು ಸ್ಮೃತಿ ಕೇಂದ್ರವಿದ್ದು, ಕಳೆದುಹೋದ ಪ್ರತಿಯೊಬ್ಬರ ಹೆಸರಿನಲ್ಲೂ ಒಂದೊಂದು ಕಡತವನ್ನು ಅಲ್ಲಿ ಕಪಾಟುಗಳಲ್ಲಿ ಜೋಡಿಸಲಾಗಿದೆ. ಎಷ್ಟೋ ಕಡತಗಳು ಖಾಲಿಯಾಗಿವೆ. ಮಾರ್ಗದರ್ಶಕರೊಂದಿಗೆ ನೋಡುವ ವ್ಯವಸ್ಥೆಯನ್ನು ಮೊದಲೇ ಕೇಳಿಕೊಳ್ಳಿ. ಹತ್ತಿರದ ಪೊದ್ವಾಲೆ ಬೀದಿಯಲ್ಲಿ ಆ ಪೇಟೆಯಿಂದ ಉಳಿದ ಹಳೆಯ ದೀಪದ ಕಂಬವೊಂದಿದೆ, ಅದನ್ನು ಹಗಲಿನಲ್ಲೂ ಆರಿಸುವುದಿಲ್ಲ.

ನಾಜಿಗಳು ಜನರನ್ನು ಸೆರೆಯಿಟ್ಟು ಕೊಂದ, ಈಗ ಸಂಗ್ರಹಾಲಯವಾಗಿರುವ ಮೈದಾನೆಕ್ ಶಿಬಿರಕ್ಕೆ ಎರಡನೆಯ ದಿನದ ಬೆಳಗನ್ನು ಪೂರ್ತಿಯಾಗಿ ಕೊಡಬೇಕು, ಅದನ್ನು ಬೇರೆ ಯಾವುದರ ಜೊತೆಗೂ ಸೇರಿಸಬೇಡಿ. ಊರ ಹೊರಗಿನ ಕಾಡಿನಲ್ಲಿ ಅಡಗಿದ್ದ ಜಾಗವಲ್ಲ ಇದು: ಬಸ್ಸಿನಲ್ಲಿ ಹೋಗಬಹುದಾದ ನಗರದ ಅಂಚಿನಲ್ಲಿ, ಅಪಾರ್ಟ್‌ಮೆಂಟುಗಳ ಕಣ್ಣೆದುರಿಗೇ ಇದೆ. ಸುಮಾರು 78,000 ಮಂದಿ ಇಲ್ಲಿ ಸತ್ತರೆಂದು ಸಂಗ್ರಹಾಲಯದ ಸಂಶೋಧನೆ ಹೇಳುತ್ತದೆ. 1943ರ ನವೆಂಬರ್ 3ರ ಒಂದೇ ದಿನ ಸುಮಾರು 18,000 ಯಹೂದಿಗಳನ್ನು ಇಲ್ಲಿ ಗುಂಡಿಟ್ಟು ಕೊಲ್ಲಲಾಯಿತು. 1944ರ ಜುಲೈಯಲ್ಲಿ ಸೋವಿಯತ್ ಸೇನೆ ಹಠಾತ್ತನೆ ಬಂದಿದ್ದರಿಂದ ಸಾಕ್ಷ್ಯಗಳನ್ನೆಲ್ಲ ಅಳಿಸಲು ನಾಜಿಗಳಿಗೆ ಸಮಯ ಸಿಗಲಿಲ್ಲ, ಅದರಿಂದಾಗಿ ಅನಿಲ ಕೋಣೆಗಳೂ ಬ್ಯಾರಕ್‌ಗಳೂ ಉಳಿದುಕೊಂಡಿವೆ. ಪ್ರವೇಶ ಉಚಿತ. ನಡಿಗೆ ದೀರ್ಘವಾಗಿದ್ದು ನೆರಳು ಕಡಿಮೆ ಇರುವುದರಿಂದ ನೀರು, ಗಟ್ಟಿ ಪಾದರಕ್ಷೆ ಜೊತೆಗಿರಲಿ. ಚಿಕ್ಕ ಮಕ್ಕಳನ್ನು ಕರೆದೊಯ್ಯಬೇಡಿ.

ಆ ಮಧ್ಯಾಹ್ನಕ್ಕೆ ವಿಶ್ವವಿದ್ಯಾಲಯಗಳ ಭಾಗ ಸೂಕ್ತ. ಲಿಥುವೇನಿಯಾ ಚೌಕದಿಂದ ಪಶ್ಚಿಮಕ್ಕೆ ನಡೆದರೆ 1918ರಲ್ಲಿ ಸ್ಥಾಪನೆಯಾದ ಕ್ಯಾಥೊಲಿಕ್ ವಿಶ್ವವಿದ್ಯಾಲಯ ಸಿಗುತ್ತದೆ. ಮುಂದೆ ಎರಡನೆಯ ಜಾನ್ ಪಾಲ್ ಎಂಬ ಹೆಸರಿನಲ್ಲಿ ಪೋಪ್ ಆದ ಕರೋಲ್ ವೊಯ್ತಿವಾ 1954ರಿಂದ ಇಲ್ಲಿ ನೀತಿಶಾಸ್ತ್ರ ಬೋಧಿಸುತ್ತಿದ್ದರು. ಕಮ್ಯುನಿಸ್ಟ್ ಆಡಳಿತದ ಕಾಲದಲ್ಲೂ ಬಾಗಿಲು ಮುಚ್ಚದೆ ಉಳಿದ ಸಂಸ್ಥೆಯಿದು. ಇದರ ಒಳಅಂಗಳಕ್ಕೆ ಹೋಗಿ ಬಂದು, ಪಕ್ಕದಲ್ಲೇ ಇರುವ, 1944ರಲ್ಲಿ ಮೇರಿ ಕ್ಯೂರಿಯವರ ಹೆಸರಿನಲ್ಲಿ ಆರಂಭವಾದ ಸರ್ಕಾರಿ ವಿಶ್ವವಿದ್ಯಾಲಯದ ಆವರಣದಲ್ಲಿ ಸ್ವಲ್ಪ ಹೊತ್ತು ಕುಳಿತರೆ ಊರಿನ ವಯಸ್ಸು ಒಮ್ಮೆಗೇ ಇಳಿದಂತೆ ಅನ್ನಿಸುತ್ತದೆ.

ಸಸ್ಯಾಹಾರಿಗಳು ಇಲ್ಲಿ ಉಪವಾಸ ಬೀಳುವುದಿಲ್ಲ. ಈರುಳ್ಳಿ ಮತ್ತು ಗಸಗಸೆಯನ್ನು ಮೇಲೆ ಹರಡಿ ಬೇಯಿಸಿದ, ಅಂಗೈಗಿಂತ ಅಗಲವಾದ ‘ತ್ಸೆಬುಲಾಷ್’ ರೊಟ್ಟಿ ಈ ಊರಿನದೇ ತಿಂಡಿ, 2014ರಿಂದ ಅದಕ್ಕೆ ಯುರೋಪಿಯನ್ ಒಕ್ಕೂಟದ ಭೌಗೋಳಿಕ ಮಾನ್ಯತೆಯೂ ಇದೆ. ಬೆಳಿಗ್ಗೆ ಬೇಕರಿಯಿಂದ ಬಿಸಿಯಾಗಿ ಕೊಂಡರೆ ಅಂಚು ಗರಿಗರಿ, ನಡುವೆ ಮೆತ್ತಗೆ, ಈರುಳ್ಳಿ ಸಿಹಿ. ಆಲೂಗಡ್ಡೆ ಮತ್ತು ಪನೀರಿನಂಥ ಗಿಣ್ಣು ತುಂಬಿದ, ಕಡುಬಿನಂಥ ಪಿಯೆರೋಗಿಯನ್ನು ತರಿಸುವಾಗ ಮಾತ್ರ ಎಚ್ಚರಿಕೆ ಬೇಕು: ಒಳಗೆ ಮಾಂಸವಿಲ್ಲದಿದ್ದರೂ ಮೇಲೆ ಹುರಿದ ಹಂದಿ ಕೊಬ್ಬಿನ ಚೂರುಗಳನ್ನು ಉದುರಿಸುವ ರೂಢಿಯಿದೆ. ‘ಬೆಜ಼್ ಸ್ಕ್ವಾರ್ಕುಫ್’ ಎಂದರೆ ಅದನ್ನು ಬಿಟ್ಟು ಕೊಡುತ್ತಾರೆ. ಬೀಟ್‌ರೂಟ್ ಸಾರಿಗೂ ಮಾಂಸದ ಕಟ್ಟು ಬಳಸಿರಬಹುದಾದ್ದರಿಂದ ಕೇಳಿಯೇ ತರಿಸಿ. ವಿದ್ಯಾರ್ಥಿಗಳು ಉಣ್ಣುವ ‘ಬಾರ್ ಮ್ಲೆಚ್ನಿ’ ಎಂಬ ಅಗ್ಗದ ಊಟದಮನೆಗಳು ಬೇಗ ಮುಚ್ಚುತ್ತವೆ, ಅಲ್ಲಿ ಮಧ್ಯಾಹ್ನವೇ ಊಟ ಮುಗಿಸಬೇಕು.

ಮೂರನೆಯ ದಿನ ಕೈಯಲ್ಲಿದ್ದರೆ ಬಹಳ ಮಂದಿ ವಿಸ್ತುಲಾ ನದಿ ದಂಡೆಯ ಕಜಿಮೆಝ್ ದೋಲ್ನಿಗೆ ಹೋಗುತ್ತಾರೆ. ವಾರಾಂತ್ಯದಲ್ಲಿ ವಾರ್ಸಾದವರೆಲ್ಲ ಅಲ್ಲೇ ನೆರೆಯುವುದರಿಂದ ನಾನಾದರೆ ಜಾಮೋಷ್ಚ್ ಪಟ್ಟಣವನ್ನೇ ಆರಿಸುತ್ತೇನೆ. 1580ರಲ್ಲಿ ಯಾನ್ ಜಾಮೋಯ್ಸ್ಕಿ ಎಂಬ ಮಂತ್ರಿ ಪಾದುವಾದ ವಾಸ್ತುಶಿಲ್ಪಿ ಬೆರ್ನಾರ್ದೊ ಮೊರಾಂದೊ ಅವರಿಂದ ನಕ್ಷೆ ಬರೆಸಿ ಬಯಲಿನಲ್ಲಿ ಎಬ್ಬಿಸಿದ ಈ ಪಟ್ಟಣ 1992ರಿಂದ ಯುನೆಸ್ಕೊ ಪಟ್ಟಿಯಲ್ಲಿದೆ. ರೈಲು ನಿಲ್ದಾಣದ ಪಕ್ಕದಲ್ಲೇ ಇರುವ ಹೊಸ ಬಸ್ ನಿಲ್ದಾಣದಿಂದ ಹೊರಡಿ, ಸಂಜೆಯ ಕೊನೆಯ ಬಸ್ಸಿನ ವೇಳೆಯನ್ನು ಹೋಗುವಾಗಲೇ ಬರೆದಿಟ್ಟುಕೊಳ್ಳಿ.